ಐದನೇ ಗೇರು

ನಮ್ಮ ದ್ವೀಪದಲ್ಲಿ ಗಾಡಿಗೆ ಪರೀಕ್ಷೆಯಿಲ್ಲ.
ಇರುವುದೊಂದೇ ರಸ್ತೆ, ಒಂಬತ್ತು ಮೈಲಿ,
ಹಡಗುಕಟ್ಟೆಯಿಂದ ಗೋರಿಗಳ ತನಕ;
ನಡುವೆ ಏನು ಕೆಟ್ಟರೂ
ಯಾರಾದರೂ ಹಿಂದೆ ಬರುತ್ತಿರುತ್ತಾರೆ.
ಬಾಗಿಲಿಗೆ ಏಡಿಬಲೆಯ ನೀಲಿ ಹಗ್ಗ,
ಹ್ಯಾಂಡ್‌ಬ್ರೇಕಿಗೆ ಬದಲು ಒಂದು ದುಂಡುಗಲ್ಲು,
ಹಿಂದಿನ ಸೀಟಿನಲ್ಲಿ ಆ ಕಲ್ಲಿಗೊಂದು ಕಾಯಂ ಜಾಗ.
ಹಾಳೂರಿಗೆ ಉಳಿದವನೇ ಗೌಡ:
ಎರಡೂ ದೀಪ ಉರಿಯುವ ನನ್ನ ಕಾರಿಗೆ
ಎದುರಾದವರು ಸರಿದು ದಾರಿ ಬಿಡುತ್ತಿದ್ದರು.

"ಹೋಗಿ ಹೋಗಿ ತಪ್ಪು ಹುಡುಕಿಸಿಕೊಂಡು ಬರ್ತೀಯಾ?"
ಅಂದ ಟಾರ್ಕಿಲ್, ಕುರಿಯ ಗೊರಸು ಕತ್ತರಿಸುತ್ತ.
ಇಪ್ಪತ್ತಾರು ವರ್ಷದ ಗಂಡ,
ಆದರೂ ಹೇಳಲು ನಾಚಿಕೆ.
ವಿಷಯ ಇಷ್ಟೇ. ನನ್ನ ಕಾರಿಗೆ ಐದು ಗೇರು,
ನಾಲ್ಕನ್ನು ಮಾತ್ರ ಬಲ್ಲೆ.
ಒಂಬತ್ತು ಮೈಲಿಯಲ್ಲಿ ಐದನೆಯದನ್ನು ಎಲ್ಲಿ ಹಾಕಲಿ?
ಹಾಕಬೇಕೆನ್ನುವಷ್ಟರಲ್ಲಿ ತಿರುವು,
ಇಲ್ಲ ಹಸು, ಇಲ್ಲ ಸಮುದ್ರ.
ಮನೆ ಮುಂದೆ ಎಂಜಿನ್ ಆರಿಸಿ
ಕತ್ತಲಲ್ಲಿ ಒಮ್ಮೊಮ್ಮೆ ಹಾಕಿ ನೋಡಿದ್ದುಂಟು:
ಬಲಕ್ಕೆ ತಳ್ಳಿ, ಮೇಲಕ್ಕೆ.
ಕ್ಲಕ್ ಅನ್ನುತ್ತದೆ. ಅಷ್ಟೇ.

ಕಾನೂನು ಹೀಗಿದೆ: ಚೀಟಿಯಿಲ್ಲದ ಗಾಡಿ
ಆಚೆ ನೆಲದಲ್ಲಿ ಓಡಬಾರದು.
ಓಡಬಹುದಾದ ದಾರಿ ಒಂದೇ,
ಪರೀಕ್ಷೆಗೆ ಹೋಗುವ ದಾರಿ,
ಮೊದಲೇ ಹೊತ್ತು ಗೊತ್ತುಮಾಡಿಕೊಂಡಿದ್ದರೆ.
ಮಾಡಿಕೊಂಡೆ. ಮಂಗಳವಾರ, ಹನ್ನೊಂದೂಕಾಲು.
ಓಬನ್ನಿನಲ್ಲಿ ಹಡಗು ಇಳಿದರೆ
ಕೂಗಳತೆಯಲ್ಲೇ ಒಂದು ಗ್ಯಾರೇಜಿತ್ತು.
ಇಪ್ಪತ್ತೆರಡು ಮೈಲಿ ಆಚೆಯದನ್ನು ಆರಿಸಿದೆ.
ಬಾಗಿಲಿಗೆ ಹೊಸ ಹಗ್ಗ ಕಟ್ಟಿದೆ.

ಏಳನೆಯ ಮೈಲಿಯಲ್ಲೋ ಎಂಟನೆಯದರಲ್ಲೋ
ರಸ್ತೆ ಒಮ್ಮೆಲೇ ನೆಟ್ಟಗಾಯಿತು,
ಒಗೆದ ದುಪ್ಪಟಿಯನ್ನು ಕೊಡವಿ ಹಾಸಿದ ಹಾಗೆ.
ಬಲಕ್ಕೆ ತಳ್ಳಿ, ಮೇಲಕ್ಕೆ.
ಎಂಜಿನಿನ ದನಿ ಇಳಿಯಿತು.
ಇಷ್ಟು ವರ್ಷ ಅದು ಕೂಗಾಡುತ್ತಿತ್ತೆಂದು
ಆಗ ಗೊತ್ತಾಯಿತು.
ಲಾರಿಯೊಂದು ಹಾರ್ನ್ ಬಾರಿಸಿ ಮುಂದೆ ಹೋಯಿತು.
ಹೋಗಲಿ.
ಹಿಂದಿನ ಸೀಟಿನ ಕಲ್ಲೂ
ಉರುಳಾಡದೆ ಕೂತಿತ್ತು.

ಪರೀಕ್ಷೆ ಮಾಡಿದವಳು ಇಶ್ಬೆಲ್ ಅನ್ನುವ ಹುಡುಗಿ,
ಕಿವಿಯ ಹಿಂದೆ ಪೆನ್ಸಿಲ್, ಗಲ್ಲಕ್ಕೆ ಮಸಿ.
ಕಾರನ್ನು ಮೇಲೆತ್ತಿ ಸ್ಕ್ರೂಡ್ರೈವರಿನಿಂದ ತಿವಿದಳು;
ಚಹಾಕ್ಕೆ ಅದ್ದಿದ ಬಿಸ್ಕತ್ತಿನಂತೆ
ತಗಡು ಕಳಚಿ ಅವಳ ಬೂಟಿನ ಮೇಲೆ ಬಿತ್ತು.
ಜೊತೆಗೆ ನಮ್ಮ ದಂಡೆಯ ಒಂದು ಹಿಡಿ ಮರಳು.
ಹ್ಯಾಂಡ್‌ಬ್ರೇಕ್ ಎಳೆದಳು, ಮಾಪಕದ ಮುಳ್ಳು ಮಿಸುಕಲಿಲ್ಲ.
ಕಲ್ಲು ತೋರಿಸಿದೆ.
ನಗಲಿಲ್ಲ ಅವಳು. ಎರಡೂ ಕೈಲಿ ಹಿಡಿದು
ತೂಕ ನೋಡಿ,
ಮೆಲ್ಲನೆ ಬೆಂಚಿನ ಮೇಲಿಟ್ಟಳು.
"ಇದರಲ್ಲಿ ಬಂದಿರಾ? ಅಲ್ಲಿಂದ?"

ಹದಿನಾಲ್ಕು ತಪ್ಪು. ಅದರಲ್ಲಿ ಎರಡರ ಮುಂದೆ
ಅಪಾಯ ಎಂಬ ಮಾತು.
"ಇನ್ನು ಓಡಿಸೋ ಹಾಗಿಲ್ಲ, ನೋಡಿ."
ಕೀಲಿಯನ್ನು ಅವಳ ಕೈಗೆ ಕೊಟ್ಟೆ.
ಬಸ್ಸಿನಲ್ಲಿ ಕೂತು ಪಟ್ಟಿ ಓದಿದೆ,
ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ:
ತುಕ್ಕು, ಬ್ರೇಕು, ಟೈರು, ಹಗ್ಗ.
ಐದನೇ ಗೇರಿನ ಸುದ್ದಿಯೇ ಇರಲಿಲ್ಲ.
ಕಲ್ಲು ಮಾತ್ರ ಚೀಲದಲ್ಲಿತ್ತು, ತೊಡೆಯ ಮೇಲೆ.
ಬಿಟ್ಟುಬರಲು ಮನಸ್ಸಾಗಲಿಲ್ಲ.

ಕಟ್ಟೆಗೆ ಟಾರ್ಕಿಲ್ ತನ್ನ ವ್ಯಾನು ತಂದಿದ್ದ.
"ಎಷ್ಟು?"
"ಹದಿನಾಲ್ಕು."
"ನಾ ಹೇಳಲಿಲ್ವಾ" ಅನ್ನಲು ಬಾಯಿ ತೆರೆದವನು
ನನ್ನ ಮುಖ ನೋಡಿ
ಚೀಲ ಇಸಿದುಕೊಂಡ, ಭಾರಕ್ಕೆ ಬೆಚ್ಚಿದ.
ಗೋರಿಗಳ ಕಡೆ ಹೊರಟೆವು, ಮೂರನೇ ಗೇರಿನಲ್ಲಿ.
"ನಿನ್ನ ಗಾಡಿ ಕೂಗ್ತಾ ಇದೆ" ಅಂದೆ.
ಕಿವಿಗೊಟ್ಟು ಕೇಳಿದ, ಒಂದು ಫರ್ಲಾಂಗು.
"ಯಾವಾಗಲೂ ಹೀಗೇ ಅಲ್ವಾ?"