ಅಳತೆಗೆ ಬಿಟ್ಟದ್ದು

ಒಂದು ಹಸಿರು ರೇಷ್ಮೆಯ ತುಂಡು,
ಅಳತೆಗೊಂದು ಹಳೇ ರವಿಕೆ,
ಹಗ್ಗದ ತುದಿಗೊಂದು ನಾಯಿ.
"ಭಾನುವಾರ ಬರ್ತೀನಿ, ಅಲ್ಲೀತನಕ ಇರಲಿ"
ಅಂದರು ಸುನಯನಿ ಮೇಡಂ.
ಯಾವ ಭಾನುವಾರ ಅಂತ ನಾನೂ ಕೇಳಲಿಲ್ಲ.
ದುರ್ಗಿಗುಡಿಯ ಈ ಹತ್ತಡಿ ಅಂಗಡಿಯಲ್ಲಿ
ಹೇಳಿದ ದಿನಕ್ಕೆ ಕೊಡದವಳು ನಾನು;
ಹೇಳಿದ ದಿನಕ್ಕೆ ಬಾರದವರನ್ನು
ಬೈಯಲು ಬಾಯಿ ಎಲ್ಲಿದೆ?

ಜೋನಿ ಬೆಲ್ಲದ ಬಣ್ಣ. ಅದಕ್ಕೇ ಜೋನಿ ಅಂದೆ.
ಮೊದಲಿದ್ದ ಹೆಸರು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ,
ಎದೆ, ಸೊಂಟ, ತೋಳಿನುದ್ದ, ಅಷ್ಟೇ ಇತ್ತು.
ಪಶು ಆಸ್ಪತ್ರೆಯ ಕಾರ್ಡಿನಲ್ಲಿ ಹಾಲೇಶ್ ಡಾಕ್ಟರು
'ಜಾನಿ, ಗಂಡು' ಎಂದು ಗೀಚಿ
ಬಾಲ ಎತ್ತಿ ನೋಡಿ ಹೊಡೆದುಹಾಕಿದರು.
"ಕಾಕರ್ ಅಲ್ವೇನಮ್ಮ, ಕಿವಿ ಸಾಕು ನೀನು.
ನಾಯಿ ತನ್ನಷ್ಟಕ್ಕೆ ಬೆಳಕೊಳ್ಳುತ್ತೆ."

ಕಿವಿ.
ಮೊದಲ ಸಲ ಎತ್ತಿ ಮೂಸಿದಾಗ
ಹುಳಿ ಹೆಚ್ಚಾದ ದೋಸೆಹಿಟ್ಟಿನ ವಾಸನೆ,
ಒಳಗೆ ಕಾಫಿ ಗಸಿಯಂಥದ್ದು.
ತಲೆ ಕೊಡವಿದರೆ
ನೂರ್‌ಜಹಾನ್ ಹಾಕುತ್ತಿದ್ದ ಹೆಮ್ಮಿಂಗಿನ ಮೇಲೆ ಚುಕ್ಕೆ ಚುಕ್ಕೆ.
ಬೈದಳು ನೂರ್‌ಜಹಾನ್, ಆಮೇಲೆ ಹತ್ತಿ ಹಿಡಿದುಕೊಟ್ಟಳು.
ಔಷಧ ಬಿಟ್ಟು, ಬುಡ ಹಿಸುಕಿ,
ಪಚಕ್ ಪಚಕ್ ಸದ್ದು ಬರುವವರೆಗೆ ಉಜ್ಜಿ,
ಬೆರಳು ಹೋಗುವಷ್ಟೇ ಒಳಗೆ, ಅದರಾಚೆ ಇಲ್ಲ.
ದಾರ ಪೋಣಿಸುವಾಗ ಹಿಡಿವ ಉಸಿರನ್ನೇ
ಇಲ್ಲೂ ಹಿಡಿದೆ.
ಜೋನಿ ನನ್ನ ಮೊಣಕಾಲಿಗೆ ಗದ್ದ ಊರಿ
ಪ್ರಪಂಚದ ಅನ್ಯಾಯವನ್ನೆಲ್ಲ
ಒಂದೇ ಸಲಕ್ಕೆ ನರಳಿದಳು.

ಉಣ್ಣಲು ಕೂತರೆ ಕಿವಿಗೂ ಮೊಸರನ್ನ.
ಅದಕ್ಕೇ ಮೇಡಮ್ಮಿನ ಬಟ್ಟೆಯಲ್ಲಿ ಉಳಿದ ಚೂರಿಗೆ
ಎರಡೂ ಕಡೆ ಎಲಾಸ್ಟಿಕ್ ಹಾಕಿ ಟೋಪಿ ಹೊಲಿದೆ.
ಹೊಲಿದ ಮೇಲೆ ನೋಡಿದರೆ ಅದೊಂದು ಪಫ್ ತೋಳು!
ಸಾಸಿವೆ ಬಣ್ಣದ ಅಂಚು ಹುಬ್ಬಿನ ಮೇಲೆ.
ಮೊದಲ ಪಂಕ್ತಿಗೇ ಕೂರುವ ಬೀಗಿತ್ತಿಯ ಗತ್ತಿನಲ್ಲಿ
ಈಗಲೂ ತಟ್ಟೆಗೆ ಇಳಿಯುತ್ತಾಳೆ.

ಸಂಜೆ ಷಟರ್ ಎಳೆದು ತುಂಗೆಯ ಕಡೆ.
ಮೆಟ್ಟಿಲ ಸಂದಿಯ ಹುಲ್ಲುಬೀಜವೆಲ್ಲ ಇವಳ ಮೈಮೇಲೆ.
ಬಟ್ಟೆ ಒಗೆಯುವವರಿಗೂ, ಒಗೆಯುವ ಕಲ್ಲಿಗೂ
ಬಾಲ ಆಡಿಸಿ ಬಂದ ಮೇಲೆ
ರಾತ್ರಿ ನೂಲು ಕತ್ತರಿಸುವ ಪುಟ್ಟ ಕತ್ತರಿಯಲ್ಲಿ
ಕಂಕುಳ ಗಂಟು ಬಿಡಿಸುವುದು,
ಬೆರಳ ಸಂದಿಯ ಉಣುಗು ಹುಡುಕಿ ಸೋಪಿನ ನೀರಿಗೆ ಹಾಕುವುದು.
ನೂರ್‌ಜಹಾನ್ ಡಬ್ಬಿಯೊಳಗೆ ಇಣುಕಿ ಎಣಿಸುತ್ತಾಳೆ.
ತೀರ್ಥಹಳ್ಳಿ ಕಡೆಯವಳು, ಅವರ ಓಣಿಗೆ
ಮಂಗನಕಾಯಿಲೆ ಬಂದ ವರ್ಷದಿಂದ
ಎಣಿಸದೆ ಬಿಡುವುದಿಲ್ಲ.

ನಾಲ್ಕು ವರ್ಷ.
ಹಸಿರು ರವಿಕೆ ಹ್ಯಾಂಗರಿನಲ್ಲೇ.
ಗೌರಿ ಹಬ್ಬಕ್ಕೊಮ್ಮೆ ದೂಳು ಕೊಡವಿ
ನುಸಿಗುಳಿಗೆ ಬದಲಾಯಿಸುತ್ತಿದ್ದೆ.

ಮೊನ್ನೆ ಬಂದರು. ಮಂಗಳವಾರ.
ಜೋನಿ ಎದ್ದು ಮೈಯನ್ನೆಲ್ಲ ಬಾಲ ಮಾಡಿಕೊಂಡಳು.
ಗ್ಯಾಸ್ ತರುವ ಹುಡುಗನಿಗೂ ಹೀಗೇ ಆಡುತ್ತಾಳೆ
ಅಂತ ನನಗೆ ನಾನೇ ಹೇಳಿಕೊಂಡೆ.
ಅವನು ಬಂದಾಗ ಹೀಗೆ ಕುಂಯ್‌ಗುಟ್ಟಿದ್ದು ಮಾತ್ರ
ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

ಮೇಡಂ ನೆಲಕ್ಕೇ ಕೂತರು.
ಒಂದು ಕಿವಿ ಎತ್ತಿ ಒಳಗೆ ನೋಡಿದರು,
ಬಹಳ ಹೊತ್ತು.
"ಇಷ್ಟು ಗುಲಾಬಿ ಇರುತ್ತಾ ಇದು?"
ನಾನು ಟೇಪು ಸುತ್ತಿದೆ, ಬಿಚ್ಚಿದೆ, ಸುತ್ತಿದೆ.

ಆಮೇಲೆ ರವಿಕೆ ಕೇಳಿದರು.
ಎದೆಗೆ ಹಿಡಿದು ನೋಡಿ "ಈಗ ಬಿಗಿ" ಅಂದರು.
"ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಿ ಕೊಡ್ತೀನಿ."
ಕೂಲಿ ಅವತ್ತಿನ ರೇಟೇ ಹೇಳಿದೆ.
ಐನೂರರ ನೋಟು ಮೆಷಿನ್ನಿನ ಮೇಲಿಟ್ಟು
ಚಿಲ್ಲರೆಗೆ ಕಾಯಲಿಲ್ಲ.
"ಭಾನುವಾರ ಬರ್ತೀನಿ" ಅಂದರು.
ಯಾವುದಕ್ಕೆ ಅಂತ
ನಾನೂ ಕೇಳಲಿಲ್ಲ.

ಜೋನಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು
ಮೆಷಿನ್ನಿನ ಕೆಳಗೆ ಬಂದು
ನನ್ನ ಬಲಗಾಲ ಮೇಲೆ ಒಂದು ಕಿವಿ ಚೆಲ್ಲಿ ಮಲಗಿದಳು.
ಹೊಲಿಗೆ ಬಿಚ್ಚಿದ್ದಾಗಿತ್ತು.
ಎಡಗಾಲೊಂದರಲ್ಲೇ ತುಳಿಯುತ್ತ ಹೋದೆ.