ಒತ್ತು

ಇಪ್ಪತ್ತೆರಡು ವರ್ಷ ನನ್ನ ಎಡಗೈ
ಕಂಪೋಸಿಂಗ್ ಸ್ಟಿಕ್ಕು ಹಿಡದದ್ದ ಬಂತು.
ಆರಿಸೂದು, ತಗಿಯೂದು, ಜೋಡಸೂದು, ಎಲ್ಲಾ ಬಲಗೈದು.
ಎಡಗೈಯಾಗ ಕೆಲಸ ಇದ್ದದ್ದು ಹೆಬ್ಬೆರಳಿಗೆ ಒಂದಕ್ಕ:
ಕಡೀ ಮೊಳಿ ಬೀಳಧಂಗ ಒತ್ತಿ ಹಿಡಿಯೂದು.

ಈಗ ಐವತ್ತೆಂಟಕ್ಕ
ಉಳಿದ ನಾಕಕ್ಕೂ ನೌಕರಿ ಬಂದೈತಿ.

ಪ್ರೆಸ್ ಮುಚ್ಚಿದ ಮ್ಯಾಲ ಆರ್ಡರ್ ಹಿಡಿಯೂದು ನನ್ನ ಧಂದೆ.
ಲಗ್ನಪತ್ರಿಕಿ ಬಾಕಿ ಹದಿನೆಂಟುನೂರು
ಕೊಡಲಾರದ ಬ್ಯಾಂಡಿನ ಹುಡುಗ ಒಬ್ಬಾಂವ
ಚೀಲದಾಗ ಹಾಕಿ ಇದನ್ನ ಕೊಟ್ಟ ಹೋದ.
"ಗಿಟಾರಿನ ಮರೀ ಏನ?" ಅಂದ್ಲು ಕಸ್ತೂರಿ.
ಓಣ್ಯಾಗ ಒಬ್ಬೊಬ್ರ ಬಾಯಾಗ ಒಂದೊಂದು:
ಉಕ್ಕಲೇಲಿ, ಯುಕ್ಕಲಾಲಿ, ಕಡೀಕ ಬರೇ ಲೇಲಿ.
ನಾ ಮನಸಿನ್ಯಾಗ ಮೊಳಿ ಜೋಡಿಸಿ ನೋಡಿದೆ:
ಯುಕುಲೇಲೆ.
ಒಂದೂ ಒತ್ತಿಲ್ಲದ ಹೆಸರು.
ಹಗುರ ಕೆಲಸ ಅನಿಸ್ತು.

ಕಲಸಾಕಿ ಏಸ್ತರ್, ಆರನೇತ್ತೆ ಹುಡುಗಿ,
ಬೆಟಗೇರಿ ಚರ್ಚಿನ್ಯಾಗ ಬಾರಸ್ತಾಳ.
ಐತವಾರ ಪ್ರಾರ್ಥನಾ ಮುಗಿಸಿ
ಸೈಕಲ್ ಗ್ವಾಡಿಗೆ ಆನಿಸಿ ಒಳಗ ಬಂದಾಕೀನ
ಮೊದಲ ನನ್ನ ಉಗುರು ನೋಡ್ತಾಳ.
"ಅಂಕಲ್, ಮತ್ತ ತಗದಿಲ್ಲ?"
ನಾ ಕೈ ಬೆನ್ನ ಹಿಂದ ಇಡತೀನಿ.

ಸಿ ಅಂದ್ರ ಒಂದ ಬೆರಳು ಸಾಕಂತ.
ಅದೂ ಉಂಗುರಬೆರಳು,
ಇಷ್ಟು ವರ್ಷ ಉಂಗುರ ಹಾಕ್ಕೊಂಡು
ಬೀಗರಂಗ ಕುಂತು ಉಂಡದ್ದು.
ಒತ್ತಂದ್ರ ನಡಗತೈತಿ,
ಜಾರಿ ಮಗ್ಗಲದ ಎಳಿ ಮ್ಯಾಲ ಬೀಳತೈತಿ,
ಹಸೀ ಕುಂಬಳಕಾಯಿ ಬಡದಂಗ ಟಪ್ ಅನತೈತಿ.
"ಒತ್ತು ಸಾಲ್ದು ಅಂಕಲ್."

ಒತ್ತು ತಪ್ಪಿದ್ರ ಏನಾಗತೈತಿ ಅಂತ
ನನಗ ಹೇಳಬ್ಯಾಡವ್ವಾ.
ಎಂಬತ್ತೊಂಬತ್ತರಾಗ ಒಂದ ಪತ್ರಿಕಿ,
ಮದುಮಗ ಮಲ್ಲಪ್ಪನ ಲ-ಒತ್ತು ನನ್ನ ಕೈ ಜಾರಿ
ಮಲಪ್ಪ ಆಗಿ ಐನೂರು ಪ್ರತಿ ಹೊಂಟವು.
ಹುಡುಗನ ಸ್ವಾದರಮಾವ ಮುಳಗುಂದ ನಾಕಾದಿಂದ
ಬಡಿಗಿ ಹಿಡಕೊಂಡ ಬಂದಿದ್ದ.
ಸಾವ್ಕಾರ ಎರಡ ತಿಂಗಳ ಪಗಾರ ಹಿಡದ.

ಮೂರನೇ ಐತವಾರ ಆಕಿ ನನ್ನೆದರ ಕುಂತು
ನೋಟಬುಕ್ಕಿನ್ಯಾಗ ಎಫ್ ಬರದ್ಲು:
ಉದ್ದಕ ನಾಕ ಗೆರಿ, ಅಡ್ಡಕ ನಾಕು, ಚುಕ್ಕಿ ಎರಡು.
ತಿರುಗಿಸಿ ನನ್ನ ಕಡೆ ಮಾಡಾಕ ಹೋದ್ಲು.
"ಇರಲಿ ಬಿಡು" ಅಂದೆ.
ಬೆರಳ ಇಟ್ಟೆ, ಎರಡೂ ಸರೀ ಜಾಗಾಕ್ಕ.
"ಉಲ್ಟಾ ಹೆಂಗ ಓದಿದ್ರಿ?"

ಏನ ಹೇಳಲಿ ಈ ಕೂಸಿಗೆ.
ಇಡೀ ಕನ್ನಡಾನ ನಾ ಉಲ್ಟಾ ಓದಿದಾಂವ,
ತಲಿ ಕೆಳಗ, ಸೀಸದಾಗ.
ಮೊಳಿ ಎಲ್ಲಾ ಗುಜರಿಗೆ ತೂಕಕ್ಕ ಹ್ವಾದ ದಿನಾ
ಆ ಓದೂ ಕೂಡೇ ಹೋತು ಅನಕೊಂಡಿದ್ದೆ.
ಇಲ್ಲೇ ಇತ್ತು.
ನಾಕ ಗೆರಿ ಕಂಡ ಕೂಡ್ಲೇ ಎದ್ದ ಬಂತು.

ಆದ್ರ ಓದಾಕ ಬಂದ್ರ ಬಾರಸಾಕ ಬಂತೇನು?
ಸಿ ಬಿಟ್ಟು ಎಫ್ ಮುಟ್ಟಾಕ ನನಗ
ನಡಕೋತ ಅಂತೂರ-ಬೆಂತೂರಕ್ಕ ಹೋದಷ್ಟ ಹೊತ್ತು.
ಒಳಗ ಕಸ್ತೂರಿ ರೊಟ್ಟಿ ಬಡಿತಿರತಾಳ,
ಒಂದ ಪೆಟ್ಟೂ ಹಿಂದಿಲ್ಲ, ಮುಂದಿಲ್ಲ.
ನಾ ನಡುವ ನಿಂತು ಬೆರಳ ಹುಡುಕತಿರತೀನಿ.
"ಇನ್ನೊಂದು ರೊಟ್ಟಿ ಆತು ನೋಡ್ರಿ,
ನಿಮ್ಮ ಎಫ್ ಇನ್ನೂ ಬರಲಿಲ್ಲ."

ರಾತ್ರಿ ಬೆರಳ ತುದಿ ಚುರುಚುರು ಉರೀತಾವು.
ಲೈಟಿನ ಕೆಳಗ ಹಿಡದ ನೋಡತೀನಿ:
ಒಂದೊಂದರ ಮ್ಯಾಲ ಒಂದೊಂದು ಸಣ್ಣ ತಗ್ಗು.
ಕನ್ನಡ್ಯಾಗ ಹಿಡದ್ರ ಯಾವದರ ಅಕ್ಷರ ಆದೀತೇನೋ ಅಂತ
ಹಿಡದೂ ನೋಡಿದೆ.
ಆಗಲಿಲ್ಲ.

ಹೊರಗ ಗುಡ್ಡದ ಕಡೀ ಗಾಳಿ ಬಿಟ್ಟೈತಿ,
ಹಾದೀ ಮ್ಯಾಲ ಯಾರದೋ ತಗಡು ಬಡಕೊಳ್ಳಾಕತ್ತೈತಿ.
ನಾಳೆ ಐತವಾರ.
ಎದ್ದು, ಕಸ್ತೂರಿಗೆ ಎಚ್ಚರಾಗಧಂಗ,
ಕಪಾಟಿನ್ಯಾಗ ನೇಲ್ ಕಟ್ಟರ್ ಹುಡುಕಿದೆ.