ಮೂರು ದಿನ

ಜುಲೈ ಕೊನೆಯ ವಾರ. ಕಗ್ಗದಾಸಪುರದ ನನ್ನ ಒಂದೂವರೆ ಕೋಣೆಯ ಆಫೀಸು.
ಯಾರದೋ ರಿಟರ್ನ್ಸನ್ನು ಫ್ಯಾನು ನನಗಿಂತ ಮೊದಲೇ ತಿರುವಿ ನೋಡುತ್ತಿತ್ತು.
ದೇಚಮ್ಮನವರು ಬಂದದ್ದು ತಿಳಿಯಲೇ ಇಲ್ಲ.
ಹಸಿರು ನಂಬರ್ ಪ್ಲೇಟಿನ ಕಾರು, ಸದ್ದಿಲ್ಲ.

“ಒಂದೂವರೆ ಲಕ್ಷ ಕೊಡ್ತಾರಂತಲ್ಲ ಸರ್ಕಾರದವರು?”

ಕೊಡೋದಲ್ಲ ಮೇಡಂ, ಬಿಡೋದು.
ಕೊಡುವುದಕ್ಕೂ ಬಿಡುವುದಕ್ಕೂ ನಡುವಿನ ಸಂದಿಯಲ್ಲೇ
ನಮ್ಮಂಥವರ ಹೊಟ್ಟೆಪಾಡು.
ಕಾರಿನ ಬೆಲೆಗಲ್ಲ, ಅಸಲಿಗೂ ಅಲ್ಲ, ಸಾಲದ ಬಡ್ಡಿಗೆ ಮಾತ್ರ.
ಎಷ್ಟು ಕಟ್ಟಿದ್ದೀರಿ? ಅರವತ್ತೆರಡು ಸಾವಿರ.
ಅಷ್ಟು ಸಂಬಳ ನಿಮಗೆ ಬಂದೇ ಇಲ್ಲವೆಂದು
ಇಲಾಖೆ ಒಂದು ಕಣ್ಣು ಮುಚ್ಚುತ್ತದೆ.
ಕೈಗೆ ಉಳಿಯುವುದು, ಸೆಸ್ಸೂ ಸೇರಿ,
ಹತ್ತೊಂಬತ್ತು ಸಾವಿರದ ಮುನ್ನೂರ ನಲವತ್ತನಾಲ್ಕು.
ಅದೂ ಹಳೇ ಪದ್ಧತಿಯಲ್ಲಿದ್ದರೆ.
ದುಡ್ಡು ಎಣಿಸಿಕೊಟ್ಟು ಕೊಂಡವನಿಗೆ ಇಲ್ಲ.
ತೆರಿಗೆ ಬೀಳುವಷ್ಟು ದುಡಿಮೆಯೇ ಇಲ್ಲದವನಿಗೆ
ಬಿಡಲಿಕ್ಕೆ ಏನಿದೆ?

ಆಮೇಲೆ ಬ್ಯಾಂಕಿನ ಪತ್ರ ತೆಗೆದೆ.
ಸಾಲ ಮಂಜೂರಾದ ದಿನಾಂಕ: ೩ ಏಪ್ರಿಲ್ ೨೦೨೩.
ಕಾನೂನಿನ ಬಾಗಿಲು ಮುಚ್ಚಿದ್ದು ಮಾರ್ಚ್ ಮೂವತ್ತೊಂದಕ್ಕೆ.

ಎಚ್‌ಎಎಲ್‌ನಲ್ಲಿ ಇಪ್ಪತ್ತಾರು ವರ್ಷ ವಿಮಾನದ ಬಿಡಿಭಾಗ ಅಳೆದವರು.
ಕೂದಲೆಳೆಯಷ್ಟು ಹೆಚ್ಚಾದರೂ ವಾಪಸು ಕಳಿಸಿದವರು.
ಕನ್ನಡಕ ಮೇಲೇರಿಸಿ ಕೇಳಿದರು:
“ಮೂರು ದಿನಕ್ಕೆ ಟಾಲರೆನ್ಸ್ ಇಲ್ವಾ?”
ಇಲ್ಲ ಅಂದೆ.
ಅವರಿಗೆ ಅರ್ಥವಾಯಿತು. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು.

“ಸಾಲ ಫೆಬ್ರವರಿಯಲ್ಲೇ ತಯಾರಿತ್ತು.
ಬೇಸ್‌ಮೆಂಟಲ್ಲಿ ಒಂದು ಪ್ಲಗ್ ಪಾಯಿಂಟು ಕೊಡೋಕೆ
ಅಸೋಸಿಯೇಷನ್ ಮೀಟಿಂಗ್ ಆಗಬೇಕಿತ್ತು.
ಪ್ಲಗ್ಗಿಲ್ಲದೆ ಕಾರು ತಂದು ಏನು ಮಾಡಲಿ, ಪೂಜೆ ಮಾಡ್ಲಾ?
ಮಾರ್ಚ್ ಇಪ್ಪತ್ತಾರು, ಭಾನುವಾರ.
ಅರವತ್ತನಾಲ್ಕು ಮನೆ, ಇಪ್ಪತ್ತೆರಡು ಜನ ಬೇಕು.
ಇಪ್ಪತ್ತೊಂದು ಬಂದರು.
ಕಾಫಿ ಕುಡಿದು ಮುಂದಿನ ಭಾನುವಾರಕ್ಕೆ ಹಾಕಿದರು.”

ಫ್ಯಾನು ತಿರುಗುತ್ತಲೇ ಇತ್ತು.
ಆ ಭಾನುವಾರ ನನಗೆ ನೆನಪಿದೆ.
ಸೆಕ್ರೆಟರಿ ವಿಲ್ಫ್ರೆಡ್ ಎರಡು ಸಲ ಬೆಲ್ಲು ಒತ್ತಿದರು.
ಬಿ ಬ್ಲಾಕ್, ನಾಲ್ಕನೇ ಮಹಡಿ, ನಾನು ಒಳಗೇ ಇದ್ದೆ.
ಮಾರ್ಚ್ ಕೊನೆ, ಕಣ್ಣು ಉರಿಯುತ್ತಿತ್ತು,
ಊರಿನ ತೆರಿಗೆಯನ್ನೆಲ್ಲ ಉಳಿಸಿ ಸುಸ್ತಾಗಿ
ದಿಂಬು ಕಿವಿಯ ಮೇಲೆ ಎಳೆದುಕೊಂಡಿದ್ದೆ.

ಹೇಳಬಹುದಿತ್ತು.
ಬದಲಿಗೆ ಬೇರೆ ಲೆಕ್ಕ ತೆಗೆದೆ:
ರಸ್ತೆ ತೆರಿಗೆ ನಿಮಗೆ ಬಿದ್ದಿಲ್ಲ ನೋಡಿ,
ಜಿಎಸ್‌ಟಿ ಬರೀ ಐದು, ಪೆಟ್ರೋಲ್ ಕಾರಾಗಿದ್ದರೆ ಇಪ್ಪತ್ತೆಂಟರ ಮೇಲೆ,
ಅಲ್ಲೇ ಎಷ್ಟೋ ಉಳಿಯಿತು.
ಅವರು ಹೂಂ ಅಂದರು. ಆ ಹೂಂ ಸರಿಯಾಗಿ ಅಳೆದದ್ದು,
ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಫೀಸು ಬೇಡ ಮೇಡಂ, ಅಂದೆ.
“ಅದ್ಯಾಕೆ? ಬಿಲ್ ಕೊಡಿ.”
ಕೊಟ್ಟೆ. ಸಾವಿರದ ಐನೂರು,
ಅದರ ಮೇಲೆ ಜಿಎಸ್‌ಟಿ ಹದಿನೆಂಟು.
ಕಾರಿಗೆ ಐದು, ನನ್ನ ಮಾತಿಗೆ ಹದಿನೆಂಟು.

ಹೋಗುವಾಗ ಬಾಗಿಲಲ್ಲಿ ನಿಂತು,
“ಮನೆ ಕಡೆಗಾ? ಬನ್ನಿ, ಬಿಡ್ತೀನಿ” ಅಂದರು.
ಸ್ಕೂಟರ್ ಇದೆ, ಅಂದೆ.
ಕಿಟಕಿಯಿಂದ ನೋಡಿದೆ.
ಕಾರು ಹೊರಟಿತು. ಬೈಯುವ ಸದ್ದಾದರೂ
ಮಾಡಬಾರದಿತ್ತೇ.